ರಬ್ಬರಣ್ಣನ ಕುತ್ತಿಗೆ

1984 ಜನವರಿ 9, ಸೋಮವಾರ

ಈ ಡೈರಿಯನ್ನು ಕಡಬದ ರಬ್ಬರ್ ಅಂಗಡಿಯವರು ಹೊಸ ವರ್ಷಕ್ಕೆಂದು ಕೊಚ್ಚಪ್ಪನಿಗೆ ಕೊಟ್ಟಿದ್ದರು. ಅವರಿಗೆ ಬೇಡವಾಯಿತು. ನನ್ನ ಹೊಲಿಗೆ ಮಿಷನ್ನಿನ ಮೇಲೆ ಎಸೆದು, “ನೂಲಿನ ಅಳತೆ ಬರೆದುಕೋ” ಎಂದರು. ನೂಲಿನ ಅಳತೆ ನನಗೆ ಬಾಯಿಗೇ ಬರುತ್ತದೆ. ಹಾಗಾಗಿ ಬೇರೆ ಏನಾದರೂ ಬರೆಯುತ್ತೇನೆ.

ಮನೆಯಲ್ಲಿ ನಮ್ಮ ಮಾತು ಮಲಯಾಳ. ಅಮ್ಮಚ್ಚಿಗೂ, ಎಂದರೆ ನನ್ನ ತಾಯಿಗೂ, ಕೊಚ್ಚಪ್ಪನಿಗೂ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ನಾನು ರಾಮಕುಂಜದ ಹತ್ತಿರ ಐದನೇ ಕ್ಲಾಸಿನವರೆಗೆ ಕಲಿತದ್ದು ಕನ್ನಡದಲ್ಲಿ. ಇದರಲ್ಲಿ ಏನು ಬರೆದರೂ ಅವರಿಗೆ ಗೊತ್ತಾಗುವುದಿಲ್ಲ ಎನ್ನುವುದೊಂದೇ ನನ್ನ ಧೈರ್ಯ. ಅವರು ಮಲಯಾಳದಲ್ಲಿ ಹೇಳಿದ್ದನ್ನೂ ಇಲ್ಲಿ ಕನ್ನಡ ಮಾಡಿಯೇ ಬರೆಯುತ್ತೇನೆ.

ಕೊಚ್ಚಪ್ಪನ್ ಎಂದರೆ ನನ್ನ ಅಪ್ಪನ ತಮ್ಮ, ಉಮ್ಮನ್. ಅಪ್ಪ, ನಮ್ಮ ಮಾತಿನಲ್ಲಿ ಅಪ್ಪಚ್ಚನ್, ತೀರಿಕೊಂಡ ವರ್ಷ ನನ್ನ ಶಾಲೆ ನಿಂತಿತು. ಅಲ್ಲಿಂದ ನನ್ನನ್ನೂ ಅಮ್ಮಚ್ಚಿಯನ್ನೂ ನೋಡಿಕೊಂಡವರು ಅವರೇ. ಮಿಲಿಟರಿಯಲ್ಲಿ ಗಾಡಿಗಳ ರಿಪೇರಿ ಮಾಡುತ್ತಿದ್ದರು. ಪೆನ್ಶನ್ ಆದ ಮೇಲೆ ಕಡಬ ಪೇಟೆಯ ಕೊನೆಯಲ್ಲಿ ಶೆಡ್ ಹಾಕಿದರು. ಈ ಕಡೆ ಒಳಗಿನ ಊರುಗಳಿಗೆ ಹೋಗುವುದೆಲ್ಲ ಜೀಪುಗಳೇ, ಆದ್ದರಿಂದ ಶೆಡ್ಡಿನಲ್ಲಿ ಕೆಲಸ ಯಾವತ್ತೂ ಇದೆ. ಕಬ್ಬಿಣದ ಕೆಲಸ ಅವರದ್ದು, ಕ್ಯಾನ್ವಾಸಿನದ್ದು ನನ್ನದು. ಜೀಪಿನ ಹುಡ್, ಪರದೆ, ಸೀಟು ಎಲ್ಲ ಹೊಲಿಯುತ್ತೇನೆ. ಹೊಲಿಯುವಾಗ ತಲೆ ಬಗ್ಗಿಸಿಯೇ ಇರಬಹುದು. ಗಂಡಸರ ಎದುರು ನನಗೆ ಮಾತು ಹೊರಡುವುದಿಲ್ಲ. ತಲೆ ಆಡಿಸುತ್ತೇನೆ, ಅದರಲ್ಲೇ ಕೆಲಸ ನಡೆಯುತ್ತದೆ.

“ಎಂತ ಸಾಲಮ್ಮ, ಬಾಯಿಗೂ ಹೊಲಿಗೆ ಹಾಕಿದ್ದಾ?” ಎಂದು ಡ್ರೈವರ್ ಕುಶಾಲಪ್ಪಣ್ಣ ದಿನಾ ಕೇಳುತ್ತಾರೆ. ಐವರ್ನಾಡಿನವರು. ಇವತ್ತೂ ಕೇಳಿದರು. ತಲೆ ಆಡಿಸಿದೆ.

ಜನವರಿ 25, ಬುಧವಾರ

ಶೆಡ್ಡಿಗೆ ಮಿಲಿಟರಿ ಕೆಲಸ ಬಂದಿದೆ. ಬೆಂಗಳೂರಿನ ಒಂದು ಕಂಪೆನಿಯವರು ಗಾಯಗೊಂಡವರನ್ನು ಸಾಗಿಸುವ ಜೀಪಿಗೆ ಒಂದು ಚೌಕಟ್ಟು ಮಾಡಿಸುತ್ತಿದ್ದಾರೆ. ಕೆಳಗೊಂದು ಸ್ಟ್ರೆಚರ್, ಅದರ ಮೇಲೊಂದು. ಗುಡ್ಡದ ರಸ್ತೆಯಲ್ಲಿ ಪೆಟ್ಟು ತಾಗದ ಹಾಗೆ ಎರಡೂ ಸ್ಪ್ರಿಂಗಿನಲ್ಲಿ ತೂಗುತ್ತವೆ. ಮೊದಲ ಚೌಕಟ್ಟನ್ನು ಮಾಡುವುದು ಇಲ್ಲಿ, ಪರೀಕ್ಷೆಯೂ ಇಲ್ಲಿಯೇ. “ಇಷ್ಟು ಹಾಳು ರಸ್ತೆ ಬೆಂಗಳೂರಿನವರಿಗೆ ಎಲ್ಲಿ ಸಿಗ್ಬೇಕು ಮಾರಾಯ್ರೆ?” ಎಂದು ಕುಶಾಲಪ್ಪಣ್ಣ ಹೆಮ್ಮೆಯಿಂದ ಹೇಳಿದರು.

ಡ್ರಾಯಿಂಗ್ ಮಾಡಿದ ಇಂಜಿನಿಯರು ಇವತ್ತು ಬಂದರು. ಹೆಸರು ಮಾಯಿಲಪ್ಪ, ಸುಳ್ಯದ ಕಡೆಯವರೇ. ಕುಶಾಲಪ್ಪಣ್ಣನ ಜೊತೆ ಆ ಕಡೆಯ ಮಾತಾದ ಅರೆಭಾಷೆಯಲ್ಲಿ ನಗುತ್ತ ಮಾತಾಡಿದರು. ನನ್ನನ್ನು “ನೀವು” ಎಂದರು. ಶೆಡ್ಡಿಗೆ ಬಂದ ಹೊರಗಿನವರು ಯಾರೂ ಇದುವರೆಗೆ ಹಾಗೆ ಕರೆದದ್ದಿಲ್ಲ.

ಗಾಡಿಯಲ್ಲಿ ಮನುಷ್ಯನನ್ನು ಮಲಗಿಸುವ ಮೊದಲು ಮನುಷ್ಯನ ಹಾಗಿರುವ ಏನನ್ನಾದರೂ ಮಲಗಿಸಿ ಓಡಿಸಿ ನೋಡಬೇಕಂತೆ. ಅದಕ್ಕೂ ಮೊದಲು ಕಾಗದದ ಮೇಲೆ ಓಡಿಸುತ್ತಾರಂತೆ. ಬೆಂಗಳೂರಿನಲ್ಲಿ ಅದಕ್ಕೊಂದು ಕಂಪ್ಯೂಟರ್ ಕೂಡ ಇದೆ. “ಲೆಕ್ಕದಲ್ಲಿ ಮನುಷ್ಯ ಅಂದ್ರೆ ಒಂದು ತೂಕ, ಅದರ ಕೆಳಗೊಂದು ಸ್ಪ್ರಿಂಗ್, ಅಷ್ಟೇ” ಎಂದರು. ಮಿಲಿಟರಿಯವರ ಪರೀಕ್ಷೆಯ ನಿಯಮದಲ್ಲೂ ಹಾಗೆಯೇ ಬರೆದಿದೆ, ಮರಳಿನ ಚೀಲ ಅಥವಾ ಅಷ್ಟೇ ತೂಕದ ಬೇರೆ ವಸ್ತು.

“ಮರಳು ಯಾಕೆ? ಚೀಲದಿಂದ ಸೋರ್ತದೆ. ಹೊಗೆಮನೆ ತುಂಬ ರಬ್ಬರ್ ಶೀಟ್ ಉಂಟಲ್ಲ” ಎಂದರು ಕೊಚ್ಚಪ್ಪನ್.

ಎಲ್ಲರಿಗೂ ಸರಿ ಎನಿಸಿತು, ನನಗೂ. ತೋಟದ ರಬ್ಬರ್ ಶೀಟುಗಳನ್ನು ಹೊಗೆ ಹಾಕಿ ಒಣಗಿಸುವುದು ಹೊಗೆಮನೆಯಲ್ಲಿ, ಇಲ್ಲಿ ಯಾರ ಮನೆಯಲ್ಲೂ ಭಾರಕ್ಕೆಂದು ಕೈಗೆ ಸಿಗುವುದು ಅದೇ. ಶೀಟುಗಳನ್ನು ಮಡಚಿ ಒಂದರ ಮೇಲೊಂದು ಇಟ್ಟು ಗೋಣಿಯಲ್ಲಿ ಹೊಲಿದೆ. ಒಬ್ಬ ಆಳಿನ ಉದ್ದ, ಒಬ್ಬ ಆಳಿನ ತೂಕ. ಕುಶಾಲಪ್ಪಣ್ಣ ಅದಕ್ಕೆ ಕೈಮುಗಿದು “ರಬ್ಬರಣ್ಣ, ಸೌಖ್ಯವಾ?” ಎಂದರು. ಅದೇ ಹೆಸರು ಉಳಿಯಿತು.

ಫೆಬ್ರವರಿ 11, ಶನಿವಾರ

ಪರೀಕ್ಷೆ ಚೆನ್ನಾಗಿ ಆಯಿತು. ಎಸ್ಟೇಟಿನಿಂದ ಕೆಳಗಿಳಿಯುವ ರಸ್ತೆಯಲ್ಲಿ ಕುಶಾಲಪ್ಪಣ್ಣ ಜೀಪನ್ನು ಬಿಟ್ಟೇ ಬಿಟ್ಟರು. ಅಲ್ಲಿ ಮಳೆನೀರು ಹೋಗಲು ರಸ್ತೆಗೆ ಅಡ್ಡ ಕಣಿ ತೋಡಿದ್ದಾರೆ. ಒಂದು ದಾಟುವಷ್ಟರಲ್ಲಿ ಇನ್ನೊಂದು ಬರುತ್ತದೆ. ಕೆಳಗಿನ ಸ್ಟ್ರೆಚರಿನಲ್ಲಿ ರಬ್ಬರಣ್ಣ ಅಲುಗಾಡಲೇ ಇಲ್ಲ. ಬಿಸಿಲಿಗೆ ಕ್ಯಾನ್ವಾಸಿಗೆ ಅಂಟಿಕೊಂಡ ಹಾಗೆ ಮಲಗಿದ್ದ.

ಕೊಚ್ಚಪ್ಪನ್ ಚೌಕಟ್ಟನ್ನು ಕೈಯಿಂದ ತಟ್ಟಿದರು. “ಮೋಳೆ, ಮಿಲಿಟರಿಯಲ್ಲಿ ಇದ್ದಷ್ಟು ವರ್ಷ ನಾನು ಬೇರೆಯವರು ಮಾಡಿದ್ದನ್ನು ರಿಪೇರಿ ಮಾಡಿದ್ದು. ಇದು ನಾನು ಮಾಡಿದ್ದು. ಇನ್ನು ಬೇರೆಯವರು ರಿಪೇರಿ ಮಾಡ್ಲಿ.” ನನ್ನನ್ನು ಅವರು ಮೋಳೆ, ಮಗಳೇ, ಎಂದೇ ಕರೆಯುವುದು. ಅವರು ಇಷ್ಟು ಸಂತೋಷಪಟ್ಟದ್ದನ್ನು ನಾನು ಕಂಡಿರಲಿಲ್ಲ. ಅಮ್ಮಚ್ಚಿ ಮರಗೆಣಸು ಬೇಯಿಸಿ ಮೀನು ಸಾರು ಮಾಡಿದಳು.

ಮೇ ತಿಂಗಳಲ್ಲಿ ಮಿಲಿಟರಿ ಸಾಹೇಬರು ಬಂದು ತಮ್ಮ ಕಣ್ಣೆದುರು ಓಡಿಸಿ ನೋಡುತ್ತಾರೆ. ಅವರು ಒಪ್ಪಿದರೆ ಇಂಥವೇ ಚೌಕಟ್ಟುಗಳನ್ನು ಸಾಲಾಗಿ ಮಾಡುವುದು.

ಫೆಬ್ರವರಿ 20, ಸೋಮವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈಗೆ ಕಟ್ಟು. ಝೈನಬಳಿಗೆ ಹೆಣ್ಣು ಮಗು. ಇಬ್ಬರೂ ಚೆನ್ನಾಗಿದ್ದಾರೆ. ಇನ್ನು ಆಗುವುದಿಲ್ಲ.

ಫೆಬ್ರವರಿ 26, ಭಾನುವಾರ

ಕೈ ಸ್ವಲ್ಪ ಮಡಚುತ್ತದೆ. ಪೆನ್ಸಿಲನ್ನು ಬೆರಳ ಸಂದಿಯಲ್ಲಿ ಸಿಕ್ಕಿಸಿ ಬರೆಯುತ್ತೇನೆ. ಇದನ್ನು ಬರೆಯಬೇಕು.

ಕಳೆದ ಭಾನುವಾರ ಮಧ್ಯಾಹ್ನ ಎಸ್ಟೇಟಿನ ಬಳಿಯ ಮೂಸಕುಂಞಿ ಓಡಿ ಬಂದ. ಅವನ ತಂಗಿ ಝೈನಬಳಿಗೆ ಹೆರಿಗೆ ನೋವು, ಪುತ್ತೂರಿಗೆ ಕೊಂಡುಹೋಗಬೇಕು, ಬೇರೆ ಜೀಪುಗಳೆಲ್ಲ ಒಂದು ಮದುವೆಗೆ ಹೋಗಿವೆ ಎಂದ. ಕೊಚ್ಚಪ್ಪನ್ ಇರಲಿಲ್ಲ. ಕುಶಾಲಪ್ಪಣ್ಣ ಚೌಕಟ್ಟು ಇದ್ದ ಜೀಪನ್ನೇ ತೆಗೆದರು. ಜೊತೆಗೆ ಹೆಂಗಸರು ಬೇಕೆಂದು ನಾನೂ ಹತ್ತಿದೆ.

ಝೈನಬಳನ್ನು ಕೆಳಗಿನ ಸ್ಟ್ರೆಚರಿನಲ್ಲಿ ಮಲಗಿಸಿದೆವು. ಅವರ ಮನೆಯಿಂದ ಇಳಿಯುವ ದಾರಿಯಲ್ಲಿ ಮೊದಲ ಕಣಿಗೆ ಜೀಪು ಬಿದ್ದು ಎದ್ದಿತು. ಸ್ಪ್ರಿಂಗ್ ಕುಸಿದು ಮತ್ತೆ ಮೇಲಕ್ಕೆ ಎಸೆಯಿತು. ಅವಳ ತಲೆ ಹಾರಿ ಮೇಲಿನ ಸ್ಟ್ರೆಚರಿನ ಅಡ್ಡ ಪೈಪಿಗೆ ಬಡಿಯಿತು. ಠಣ್ ಎಂದಿತು. ಹೆರಿಗೆ ನೋವಿನಲ್ಲೂ ಅವಳು ಹಣೆ ಹಿಡಿದುಕೊಂಡಳು. ಎರಡನೇ ಕಣಿ ಬರುವಾಗ ನಾನು ಅವಳ ಹಣೆಗೂ ಪೈಪಿಗೂ ನಡುವೆ ನನ್ನ ಕೈ ಇಟ್ಟೆ. ಮತ್ತೆ ತೆಗೆಯಲಿಲ್ಲ. ಕುಶಾಲಪ್ಪಣ್ಣ ನಿಧಾನ ಮಾಡಿದರೆ ಅವಳು “ಬೇಗ, ಬೇಗ” ಎಂದು ಕಿರುಚುತ್ತಿದ್ದಳು. ಡಾಮರು ರಸ್ತೆ ಸಿಗುವವರೆಗೆ ಪ್ರತಿ ಕಣಿಯ ಪೆಟ್ಟೂ ನನ್ನ ಬೆರಳುಗಳಿಗೆ ಬಿತ್ತು. ಎರಡು ಬೆರಳು ಮುರಿದಿವೆ.

ರಬ್ಬರಣ್ಣನಿಗೆ ಏನೂ ಆಗದ ಜಾಗದಲ್ಲಿ ಇವಳಿಗೆ ಹೀಗೇಕಾಯಿತು ಎಂದು ವಾರವಿಡೀ ಯೋಚಿಸುತ್ತಿದ್ದೇನೆ.

ಮಾರ್ಚ್ 5, ಸೋಮವಾರ

ಕೊಚ್ಚಪ್ಪನಿಗೆ ಹೇಳಿದೆ. ಎರಡು ದಿನ ಬಾಯಿಪಾಠ ಮಾಡಿ, ಅವರು ವೆಲ್ಡಿಂಗ್ ಕನ್ನಡಕ ಹಾಕಿಕೊಂಡಿದ್ದಾಗ ಹೇಳಿದೆ. ಆಗ ಅವರ ಕಣ್ಣು ನನಗೆ ಕಾಣುವುದಿಲ್ಲ.

“ಅದು ಬಸುರಿ ಹೆಂಗಸು, ನೋವಿಗೆ ಹೊರಳಾಡಿರ್ತಾಳೆ. ಮಿಲಿಟರಿಯಲ್ಲಿ ಎದೆಗೂ ಕಾಲಿಗೂ ಬೆಲ್ಟ್ ಕಟ್ಟಿ ಮಲಗಿಸುದು.”

“ತಲೆಗೆ ಬೆಲ್ಟ್ ಉಂಟಾ?”

ಅದು ಬಾಯಿಪಾಠ ಮಾಡಿದ್ದಾಗಿರಲಿಲ್ಲ. ಅವರು ಕನ್ನಡಕ ಎತ್ತಿ ನನ್ನನ್ನು ನೋಡಿದರು. “ಕೈ ನೋಯ್ತಾ ಉಂಟು ಅಂತ ಬಾಯಿ ಬಿಡ್ತಿದ್ದೀಯಾ? ಪರೀಕ್ಷೆಯಲ್ಲಿ ಪಾಸಾಗಿದೆ. ಹೋಗು.”

ಹೋದೆ. ತಲೆಗೆ ಬೆಲ್ಟ್ ಇಲ್ಲ.

ಮಾರ್ಚ್ 14, ಬುಧವಾರ

ಇವತ್ತು ಮಾಡಿದ್ದನ್ನು ಅಮ್ಮಚ್ಚಿಗೆ ಹೇಳುವ ಹಾಗಿಲ್ಲ.

ಕೊಚ್ಚಪ್ಪನ್ ಮಂಗಳೂರಿಗೆ ಹೋಗಿದ್ದರು. ಎಸ್ಟೇಟ್ ರಸ್ತೆಯಲ್ಲಿ ನನ್ನನ್ನು ಸ್ಟ್ರೆಚರಿನಲ್ಲಿ ಮಲಗಿಸಿ ಓಡಿಸಲು ಕುಶಾಲಪ್ಪಣ್ಣನನ್ನು ಕೇಳಿದೆ.

“ಎಂತ ಹುಚ್ಚು ಸಾಲಮ್ಮ? ನಿಮ್ಮ ಕೊಚ್ಚಪ್ಪನ್ ನನ್ನನ್ನು ಕೊಚ್ಚಿಯೇ ಹಾಕುದು.”

“ಹಾಗಾದರೆ ನೀವು ಮಲಗಿ, ನಾನು ಓಡಿಸ್ತೇನೆ.”

“ನಿಮಗೆ ಓಡಿಸ್ಲಿಕ್ಕೆ ಬರ್ತದಾ?”

“ಇಲ್ಲ.”

ಅವರು ಹೋಗಿ ಸ್ಟೇರಿಂಗ್ ಹಿಡಿದರು. ನಾನು ಹಣೆಗೆ ಹತ್ತಿಯ ದಪ್ಪ ಪಟ್ಟಿ ಕಟ್ಟಿಕೊಂಡೆ. ಎದೆಗೂ ಕಾಲಿಗೂ ಬೆಲ್ಟ್ ಬಿಗಿದುಕೊಂಡೆ, ಮಿಲಿಟರಿಯವರ ಹಾಗೆ. ಮೊದಲ ಕಣಿಗೇ ಗೊತ್ತಾಯಿತು. ಮೈ ಕ್ಯಾನ್ವಾಸಿನ ಮೇಲೆಯೇ ಇತ್ತು. ತಲೆ ಮಾತ್ರ ಬೇರೆ ಯಾರದ್ದೋ ಎನ್ನುವ ಹಾಗೆ ತಾನೇ ಎದ್ದು ಹೋಗಿ ಪೈಪಿಗೆ ಬಡಿಯಿತು. ಹತ್ತಿ ಇದ್ದರೂ ಕಣ್ಣಲ್ಲಿ ನೀರು ಬಂತು.

ರಬ್ಬರಣ್ಣನಿಗೆ ಕುತ್ತಿಗೆ ಇಲ್ಲ. ಅಷ್ಟೇ ವಿಷಯ. ಅವನು ತಲೆಯಿಂದ ಕಾಲಿನವರೆಗೆ ಒಂದೇ ಗಟ್ಟಿ. ಮೇಲಾಗಿ ರಬ್ಬರ್, ಪೆಟ್ಟನ್ನೆಲ್ಲ ಅವನೇ ಕುಡಿದುಬಿಡುತ್ತಾನೆ.

“ಯಾರಿಗೂ ಹೇಳ್ಬೇಡಿ” ಎಂದರು ಕುಶಾಲಪ್ಪಣ್ಣ.

ಮಾರ್ಚ್ 28, ಬುಧವಾರ

ಒಂದು ತಲೆ ಮಾಡಿದೆ. ಕ್ಯಾನ್ವಾಸಿನ ಚೀಲಕ್ಕೆ ಹೊಳೆಯ ಮರಳು ತುಂಬಿ, ಒಂದು ಗೋಣಿಯ ಕೊಳವೆಯನ್ನು ಕುತ್ತಿಗೆ ಮಾಡಿ ರಬ್ಬರಣ್ಣನಿಗೆ ಹೊಲಿದೆ. ಮುರಿದ ಬೆರಳಿನಲ್ಲಿ ದಬ್ಬಣ ಹಿಡಿಯುವುದು ಕಷ್ಟ. ಹಲ್ಲಿನಲ್ಲಿ ಎಳೆದೆ.

ಮಾಯಿಲಪ್ಪನವರು ಬಂದ ದಿನವೇ ಅದನ್ನು ಜೀಪಿನಲ್ಲಿ ಇಟ್ಟೆ. ಜೀಪು ಶೆಡ್ಡಿನಿಂದ ಹೊರಬರುವ ಮೊದಲೇ ತಲೆ ಆಚೆಗೊಮ್ಮೆ ಈಚೆಗೊಮ್ಮೆ ತೂಗಾಡಿತು. ಸಮ ರಸ್ತೆಯಲ್ಲೇ ಪೈಪಿಗೆ ಬಡಿಯಿತು. ಕೊಚ್ಚಪ್ಪನ್ ಹೊಟ್ಟೆ ಹಿಡಿದುಕೊಂಡು ನಕ್ಕರು. “ಮಿಲಿಟರಿಗೆ ಇಂಥವರನ್ನು ಸೇರಿಸಿಕೊಳ್ಳುದಿಲ್ಲ ಮೋಳೆ. ಇದು ಕಳ್ಳು ಕುಡಿದವನ ಕುತ್ತಿಗೆ.”

ಮಾಯಿಲಪ್ಪನವರು ನಗಲಿಲ್ಲ. “ನೀವು ಹೇಳುವುದರಲ್ಲಿ ವಿಷಯ ಉಂಟು. ಆದ್ರೆ ಇದು ಏನನ್ನೂ ತೋರಿಸುದಿಲ್ಲ. ಬದುಕಿರುವವನ ಕುತ್ತಿಗೆಗೆ ಬಲ ಉಂಟಲ್ವಾ? ಇಷ್ಟು ಸಡಿಲ ಆದ್ರೆ ಯಾವ ಗಾಡಿಯಲ್ಲಿ ಇಟ್ರೂ ಬಡಿಯುದೇ.”

ಅವರು ಹೇಳಿದ್ದು ಸರಿ. ಸರಿ ಎನ್ನುವುದೇ ನನಗೆ ಸಿಟ್ಟು.

ಕೊಚ್ಚಪ್ಪನ್ ಈಗ ನನ್ನ ಕೆಲಸದ ನಡುವೆ ಬಂದು ಬಂದು ನೋಡುತ್ತಾರೆ. ಇದಕ್ಕೆ ಕುತ್ತಿಗೆ ಯಾಕೆ ಎಂದು ಸಂಜೆ ಇನ್ನೊಮ್ಮೆ ಕೇಳಿದರು.

“ಮನುಷ್ಯನಿಗೆ ಉಂಟಲ್ಲ” ಎಂದೆ.

ಏಪ್ರಿಲ್ 17, ಮಂಗಳವಾರ

ಮಾಯಿಲಪ್ಪನವರು ಬೆಂಗಳೂರಿನಲ್ಲಿ ಒಬ್ಬ ಡಾಕ್ಟರರನ್ನು ಕೇಳಿಕೊಂಡು ಬಂದಿದ್ದಾರೆ. ತಲೆ ಎಷ್ಟು ತೂಗುತ್ತದೆ, ಮಲಗಿದವನ ಕುತ್ತಿಗೆ ಎಷ್ಟು ಬಾಗುತ್ತದೆ, ಎಲ್ಲಿ ತಡೆಯುತ್ತದೆ ಎಂದೆಲ್ಲ ಒಂದು ಕಾಗದದಲ್ಲಿ ಗೆರೆ ಎಳೆದು ತೋರಿಸಿದರು. ನನ್ನ ಮರಳಿನ ತಲೆ ಹೆಚ್ಚು ಭಾರವಾಗಿತ್ತು. ಸ್ವಲ್ಪ ಮರಳು ತೆಗೆದೆವು. ಕುತ್ತಿಗೆ ಯಾವುದರಿಂದ ಮಾಡುವುದೆಂದು ಇಬ್ಬರಿಗೂ ತಿಳಿಯಲಿಲ್ಲ. ಹಗ್ಗ ಸಡಿಲವಾಯಿತು, ಬೆತ್ತ ಮುರಿಯಿತು. ಕೊನೆಗೆ ರಬ್ಬರ್ ಶೀಟನ್ನೇ ಚಾಪೆಯಂತೆ ಬಿಗಿಯಾಗಿ ಸುತ್ತಿ ಹೊಲಿದೆವು. ಒತ್ತಿದರೆ ಬಾಗುತ್ತದೆ, ಬಿಟ್ಟರೆ ನಿಧಾನ ಹಿಂದಕ್ಕೆ ಬರುತ್ತದೆ. ನನ್ನ ಕುತ್ತಿಗೆಯನ್ನೂ ಒತ್ತಿ ನೋಡಿಕೊಂಡೆ, ಹೆಚ್ಚು ಕಡಿಮೆ ಹಾಗೆಯೇ.

ಅಡ್ಡ ಪೈಪಿಗೆ ರೆಡ್ ಆಕ್ಸೈಡ್ ಬಣ್ಣ ಬಳಿದು, ಅದು ಒಣಗುವ ಮೊದಲೇ ಓಡಿಸಿದೆವು. ಸಮ ರಸ್ತೆಯಲ್ಲಿ ತಲೆ ಎದ್ದೇಳಲಿಲ್ಲ. ಕಣಿ ಬಂದಾಗ ಎದ್ದಿತು. ಹಿಂದೆ ಬಂದು ನೋಡಿದರೆ ಮರಳಿನ ತಲೆಯ ಹಣೆಯಲ್ಲಿ ಕೆಂಪು ಪಟ್ಟೆ.

ಮಾಯಿಲಪ್ಪನವರು ಅದನ್ನು ಬಗ್ಗಿ ನೋಡಿದರು. “ಡ್ರಾಯಿಂಗ್ ನನ್ನದು. ತಪ್ಪೂ ನನ್ನದೇ” ಎಂದರು. ಈಗ ಬದಲಾಯಿಸಲು ಕಂಪೆನಿ ಬಿಡುವುದಿಲ್ಲವಂತೆ, ಸಾಹೇಬರು ಬರುವ ದಿನ ಗೊತ್ತಾಗಿದೆ. “ಆ ದಿನ ಇವನನ್ನೇ ಮಲಗಿಸಿ. ಅವರು ಕಣ್ಣಿಂದ ನೋಡ್ಲಿ. ನಾನು ಬೇಡ ಅನ್ನುದಿಲ್ಲ.”

“ಬೇಡ ಅನ್ನದಿದ್ದರೆ ಸಾಲದು, ಬೇಕು ಅನ್ನಬೇಕು” ಎಂದೆ. ಅವರು ಕಾಗದ ಮಡಚಿಕೊಂಡರು.

ಏಪ್ರಿಲ್ 29, ಭಾನುವಾರ

ನೆಲ್ಯಾಡಿಯಿಂದ ಹೆಣ್ಣು ನೋಡಲು ಬಂದಿದ್ದರು. ಕೈಯನ್ನು ಸೆರಗಿನಲ್ಲಿ ಮುಚ್ಚಿಕೋ ಎಂದು ಅಮ್ಮಚ್ಚಿ ಹೇಳಿದ್ದಳು. ಒಂದೇ ಕೈಯಲ್ಲಿ ಚಹಾದ ತಟ್ಟೆ ಹಿಡಿಯಲು ಆಗುತ್ತದೆಯೇ? ಹುಡುಗನ ಚಿಕ್ಕಮ್ಮ ಸೊಟ್ಟ ಬೆರಳನ್ನು ನೋಡಿ ಏನಾಯಿತೆಂದು ಕೇಳಿದಳು.

“ಮಿಷನ್ ಸೂಜಿ ತಾಗಿದ್ದು” ಎಂದಳು ಅಮ್ಮಚ್ಚಿ.

“ಅಲ್ಲ, ಕೊಚ್ಚಪ್ಪನ್ ಮಾಡಿದ ಪೈಪಿಗೆ ಸಿಕ್ಕಿದ್ದು” ಎಂದೆ.

ಕೊಚ್ಚಪ್ಪನ್ ಅಲ್ಲಿಯೇ ಕುಳಿತಿದ್ದರು. ಬಂದವರು ಚಹಾ ಕುಡಿದು ಹೋದರು. ತಿಳಿಸುತ್ತೇವೆ ಎಂದರು. ಅಮ್ಮಚ್ಚಿ ಅಳುತ್ತಿದ್ದಾಳೆ. ಕೇಳಿದ್ದಕ್ಕೆ ಇದ್ದದ್ದನ್ನು ಹೇಳಿದ್ದೇನೆ, ಅಷ್ಟೆ.

ಮೇ 10, ಗುರುವಾರ

ಬೆಳಿಗ್ಗೆ ಶೆಡ್ಡಿಗೆ ಹೋದಾಗ ಮೊದಲು ಕಂಡದ್ದು ಆ ತಲೆ. ಜೀಪಿನ ಹಿಂದಿನ ಚಕ್ರಕ್ಕೆ ಅದನ್ನು ಅಡೆ ಇಟ್ಟಿದ್ದರು. ಗಾಡಿ ಜಾರದ ಹಾಗೆ ನಾವು ಕಲ್ಲು ಇಡುವ ಜಾಗದಲ್ಲಿ. ಹಣೆಯ ಕೆಂಪು ಪಟ್ಟೆ ಮೇಲಕ್ಕಿತ್ತು. ರಬ್ಬರಣ್ಣನ ಕುತ್ತಿಗೆಯನ್ನು ಕತ್ತರಿಸಿ ಗೋಣಿಯ ಬಾಯಿಯನ್ನು ತಂತಿಯಿಂದ ಬಿಗಿದಿದ್ದರು. ಕೊಚ್ಚಪ್ಪನ್ ಇಸ್ತ್ರಿ ಹಾಕಿದ ಅಂಗಿ ಹಾಕಿಕೊಂಡು ನಿಂತಿದ್ದರು. ನಾನು ಅವರನ್ನು ನೋಡಿದೆ. ಅವರು ಗಡಿಯಾರ ನೋಡಿಕೊಂಡರು.

ಸಾಹೇಬರು ಎಸ್ಟೇಟ್ ರಸ್ತೆಗೇ ನೇರ ಬಂದರು. ಇನ್ನೂ ಇಬ್ಬರು ಮಿಲಿಟರಿಯವರು, ಕಂಪೆನಿಯ ದೊಡ್ಡವರೊಬ್ಬರು, ಮಾಯಿಲಪ್ಪನವರು. ರಬ್ಬರಣ್ಣನನ್ನು ಕೆಳಗಿನ ಸ್ಟ್ರೆಚರಿಗೆ ಕಟ್ಟಿದ್ದರು.

“ಉಮ್ಮನ್ ಚೇಟ್ಟಾ, ಇವನ ಕುತ್ತಿಗೆ ಎಲ್ಲಿ?” ಎಂದರು ಮಾಯಿಲಪ್ಪನವರು.

“ನಿಯಮದಲ್ಲಿ ಕುತ್ತಿಗೆ ಅಂತ ಬರೆದಿದ್ದಾರಾ?”

ಮಾಯಿಲಪ್ಪನವರು ಬಾಯಿ ತೆರೆದರು. ಕಂಪೆನಿಯ ದೊಡ್ಡವರ ಕಡೆ ನೋಡಿ ಮುಚ್ಚಿದರು. ಇನ್ನು ಅವರು ಹೇಳುವುದಿಲ್ಲ ಎಂದು ನನಗೆ ಗೊತ್ತಾಯಿತು.

ನಾನು ಹೋಗಿ ಹಗ್ಗ ಬಿಚ್ಚಿದೆ. ಒಂದು ಕೈಯಲ್ಲಿ ಎಳೆದರೆ ರಬ್ಬರಣ್ಣ ಬರಲಿಲ್ಲ, ಬಿಸಿಲಿಗೆ ಅಂಟಿಕೊಂಡಿದ್ದ. ಕುಶಾಲಪ್ಪಣ್ಣ ಬಂದು ಇನ್ನೊಂದು ತುದಿ ಹಿಡಿದರು. ಅವನು ಧೊಪ್ಪೆಂದು ಮಣ್ಣಿಗೆ ಬಿದ್ದ. ನಾನು ಚಪ್ಪಲಿ ಬಿಟ್ಟು ಹತ್ತಿ ಮಲಗಿದೆ. ಎದೆಯ ಬೆಲ್ಟ್ ಹಾಕಿಕೊಂಡೆ, ಕಾಲಿನ ಬೆಲ್ಟ್ ಹಾಕಿಕೊಂಡೆ. ಹಣೆಗೆ ಏನೂ ಕಟ್ಟಲಿಲ್ಲ.

“ಎಡೀ, ಇಳಿ” ಎಂದರು ಕೊಚ್ಚಪ್ಪನ್, ಮೋಳೆ ಎನ್ನದೆ, ಮೆಲ್ಲಗೆ, ಹಲ್ಲು ಕಚ್ಚಿ.

“ಇಳಿಯುವುದಿಲ್ಲ. ರಬ್ಬರಿನಷ್ಟು ತೂಕ ಇಲ್ಲ ನಾನು, ಆದರೂ ಕುತ್ತಿಗೆ ಉಂಟು. ಓಡಿಸಿ.”

“ಎಲ್ಲರೂ ನೋಡ್ತಿದ್ದಾರೆ. ಮಾನ ಇಲ್ವಾ ನಿನಗೆ?”

“ನೋಡಲಿಕ್ಕೇ ಬಂದದ್ದಲ್ವಾ ಅವರು?”

ಸಾಹೇಬರು ಹಿಂದಿಯಲ್ಲಿ ಏನೋ ಕೇಳಿದರು. ಕುಶಾಲಪ್ಪಣ್ಣ ಜೀಪಿನ ಕೀಯನ್ನು ತೆಗೆದು ಕೊಚ್ಚಪ್ಪನ ಕೈಯಲ್ಲಿ ಇಟ್ಟರು. “ನನ್ನಿಂದ ಆಗುದಿಲ್ಲ. ನೀವೇ ಓಡಿಸಿ ಮಾರಾಯ್ರೆ. ಪೈಪೂ ನಿಮ್ಮದು, ಹುಡುಗಿಯೂ ನಿಮ್ಮದು.”

ನಾನು ಹೆದರಿ ಇಳಿಯುತ್ತೇನೆ ಎಂದು ಕೊಚ್ಚಪ್ಪನ್ ತಿಳಿದಿರಬೇಕು. ಹತ್ತಿ ಕುಳಿತು ಇಂಜಿನ್ ಶುರುಮಾಡಿದರು. ನಾನು ಇಳಿಯಲಿಲ್ಲ. ಜೀಪು ಹೊರಟಿತು. ವೇಗ ಏರಿತು. ಕಣ್ಣಿನ ಎದುರೇ ಅಡ್ಡ ಪೈಪ್, ಅದಕ್ಕೆ ಹೊಸ ಹಸಿರು ಬಣ್ಣ. ಕಣ್ಣು ಹಿಂದಕ್ಕೆ ಹೊರಳಿಸಿದರೆ ಕೊಚ್ಚಪ್ಪನ ಕುತ್ತಿಗೆ ತಲೆಕೆಳಗಾಗಿ ಕಾಣುತ್ತಿತ್ತು. ಅಂಗಿಯ ಕಾಲರ್ ಒದ್ದೆಯಾಗಿತ್ತು. ಅಪ್ಪಚ್ಚನ್ ಹೋದ ಮೇಲೆ ನಾನು ಆ ಕುತ್ತಿಗೆ ಹಿಡಿದುಕೊಂಡೇ ಸೈಕಲ್ಲಿನ ಹಿಂದೆ ಕುಳಿತು ಭಾನುವಾರದ ಪ್ರಾರ್ಥನೆಗೆ ಇಗರ್ಜಿಗೆ ಹೋಗುತ್ತಿದ್ದೆ. ಅದು ನೆನಪಾಯಿತು, ಆದರೂ ಇಳಿಯಬೇಕು ಎನಿಸಲಿಲ್ಲ.

ಇಳಿಜಾರು ಶುರುವಾಯಿತು. ಮೊದಲ ಕಣಿ ಎಲ್ಲಿ ಎಂದು ನನ್ನ ಬೆನ್ನಿಗೆ ಗೊತ್ತು. ಹಲ್ಲು ಕಚ್ಚಿದೆ, ಕಣ್ಣು ಮುಚ್ಚಲಿಲ್ಲ.

ಬ್ರೇಕ್ ಬಿತ್ತು. ಜೀಪು ಜಾರುತ್ತ ಹೋಗಿ ನಿಂತಿತು. ಇಂಜಿನ್ ಆಫ್ ಆಯಿತು.

“ಮುಂದೆ ಹೋಗಿ” ಎಂದೆ.

ಅವರು ಎರಡೂ ಕೈಗಳಲ್ಲಿ ಸ್ಟೇರಿಂಗ್ ಹಿಡಿದು ಕುಳಿತೇ ಇದ್ದರು.

“ಹೋಗಿ ಕೊಚ್ಚಪ್ಪಾ. ಪರೀಕ್ಷೆಯಲ್ಲಿ ಪಾಸಾಗಿದೆಯಲ್ಲ.”

“ಇಳಿ ಮೋಳೆ” ಎಂದರು.

ನಾನು ಇಳಿಯಲಿಲ್ಲ. ಹಿಂದಿನಿಂದ ಎಲ್ಲರೂ ಓಡಿ ಬಂದರು. ಸಾಹೇಬರು ಕೇಳಿದ್ದನ್ನೂ ಕೊಚ್ಚಪ್ಪನ್ ಹೇಳಿದ್ದನ್ನೂ ಮಾಯಿಲಪ್ಪನವರು ಆಮೇಲೆ ನನಗೆ ಕನ್ನಡದಲ್ಲಿ ಹೇಳಿದರು. ಯಾಕೆ ನಿಲ್ಲಿಸಿದಿರಿ ಎಂದು ಸಾಹೇಬರು ಕೇಳಿದರಂತೆ.

“ನಮ್ಮ ಹುಡುಗಿ ಮಲಗಿದ್ದಾಳೆ ಸಾಬ್.”

“ನಾಳೆ ಅಲ್ಲಿ ನಮ್ಮ ಹುಡುಗ ಮಲಗಿರ್ತಾನೆ.”

ಆಗ ಮಾಯಿಲಪ್ಪನವರು ಮುಂದೆ ಬಂದು ಅಡ್ಡ ಪೈಪನ್ನು ಮುಟ್ಟಿ ತೋರಿಸಿ ಹಿಂದಿಯಲ್ಲಿ ತುಂಬ ಹೊತ್ತು ಮಾತಾಡಿದರು. ಕಂಪೆನಿಯ ದೊಡ್ಡವರು ಬೇರೆ ಕಡೆ ನೋಡುತ್ತಿದ್ದರು. ಕುಶಾಲಪ್ಪಣ್ಣ ಶೆಡ್ಡಿಗೆ ಓಡಿ ಹೋಗಿ ಆ ಮರಳಿನ ತಲೆಯನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದರು. ಸಾಹೇಬರು ಅದರ ಹಣೆಯ ಪಟ್ಟೆಯ ಮೇಲೆ ಬೆರಳು ಆಡಿಸಿದರು.

ಬೆಲ್ಟ್ ಬಿಚ್ಚಿ ಇಳಿದೆ. ಚಪ್ಪಲಿ ಮೇಲೆ, ಜೀಪು ಹೊರಟ ಜಾಗದಲ್ಲೇ ಉಳಿದಿತ್ತು. ಬರಿಗಾಲಲ್ಲಿ ಗುಡ್ಡ ಹತ್ತಿದೆ.

ಮೇ 13, ಭಾನುವಾರ

ಚೌಕಟ್ಟು ಪಾಸಾಗಲಿಲ್ಲ. ಸರಿ ಮಾಡಿ ಮತ್ತೆ ತೋರಿಸಬೇಕಂತೆ. ಕೊಚ್ಚಪ್ಪನ್ ನನ್ನ ಜೊತೆ ಮಾತಾಡುವುದಿಲ್ಲ. ಊಟಕ್ಕೂ ನಮ್ಮ ಮನೆಗೆ ಬರುವುದಿಲ್ಲ.

ಇಗರ್ಜಿಯಲ್ಲಿ ಹೆಂಗಸರು ಒತ್ತರಿಸಿ ಕುಳಿತು ನನಗೆ ಬೇಕಾದ್ದಕ್ಕಿಂತ ಹೆಚ್ಚು ಜಾಗ ಬಿಟ್ಟರು. ಗಂಡಸರ ಎದುರು ಜೀಪಿನಲ್ಲಿ ಮಲಗಿದವಳು ಎಂದು ಹಿಂದಿನ ಸಾಲಿನಲ್ಲಿ ಯಾರೋ ಹೇಳಿದ್ದು ಕೇಳಿತು. ತಿರುಗಿ, “ಹೌದು, ಬೆಲ್ಟ್ ಕಟ್ಟಿಕೊಂಡಿದ್ದೆ” ಎಂದೆ.

ಹೊರಗೆ ರಸ್ತೆಯಲ್ಲಿ ಝೈನಬ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ನನ್ನ ಸೊಟ್ಟ ಬೆರಳನ್ನು ಮಗುವಿನ ಮುಷ್ಟಿಗೆ ಕೊಟ್ಟಳು. ಗಟ್ಟಿ ಹಿಡಿಯುತ್ತದೆ.

ಮೇ 22, ಮಂಗಳವಾರ

ಮಾಯಿಲಪ್ಪನವರು ಹೊಸ ಡ್ರಾಯಿಂಗ್ ಕಳುಹಿಸಿದ್ದಾರೆ. ಮೇಲಿನ ಸ್ಟ್ರೆಚರನ್ನು ಎತ್ತರಿಸಿ, ತಲೆಯ ಕಡೆಯ ಅಡ್ಡ ಪೈಪನ್ನು ತೆಗೆದಿದ್ದಾರೆ. ಸ್ಪ್ರಿಂಗ್ ಮೇಲಕ್ಕೆ ಎಸೆಯದ ಹಾಗೆ ಪ್ರತಿಯೊಂದಕ್ಕೂ ಒಂದು ಪಟ್ಟಿ. ಮೊದಲ ಬಾರಿಗೆ ಒಂದು ಚಿತ್ರದಲ್ಲಿ ಮಲಗಿದ ಮನುಷ್ಯನನ್ನೂ ಬರೆದಿದ್ದಾರೆ. ಕುತ್ತಿಗೆ ಇದೆ.

ಕೊಚ್ಚಪ್ಪನ್ ಅದನ್ನು ಬೆಂಚಿನ ಮೇಲೆ ಹರಡಿ ಬೆಳಗಿನಿಂದ ನೋಡುತ್ತಿದ್ದರು. ಮಧ್ಯಾಹ್ನ ಕ್ಯಾನ್ವಾಸಿನ ಸುರುಳಿಯೊಂದನ್ನು ತಂದು ನನ್ನ ಮಿಷನ್ನಿನ ಪಕ್ಕ ಹಾಕಿದರು. ಮುಖ ಬೇರೆ ಕಡೆ ಇತ್ತು.

“ಒಂದು ಕುತ್ತಿಗೆ ಬೇಕು.”

“ಒಂದು ಸಾಲದು. ಮೇಲೆ ಮಲಗುವವನಿಗೂ ಬೇಕು. ಎರಡು ಮಾಡ್ತೇನೆ. ಶೀಟು ಹೊಸದು ಕೊಡಿ, ಹಳೆಯದು ಒಣಗಿದೆ. ಮರಳು ತೊಳೆದದ್ದೇ ಆಗಬೇಕು. ಆ ಪಟ್ಟಿ ಚರ್ಮದ್ದಾದರೆ ಮಳೆಗಾಲದಲ್ಲಿ ಉದ್ದ ಆಗ್ತದೆ, ಅದನ್ನು ಮಾಯಿಲಪ್ಪನವರಿಗೆ ಬರೆಯಿರಿ.”

“ಸಾಲಮ್ಮ, ಸ್ವಲ್ಪ ಬಾಯಿ ಮುಚ್ಚಿ ಮಾರಾಯ್ರೆ,” ಎಂದರು ಜೀಪಿನ ಬಾನೆಟ್ ಒಳಗಿನಿಂದ ಕುಶಾಲಪ್ಪಣ್ಣ, “ಇಂಜಿನಿನ ಶಬ್ದ ಕೇಳುದಿಲ್ಲ.”

ಅವರಿಗೆ ಯಾವಾಗಲೂ ತಮಾಷೆ. ನಾನೆಲ್ಲಿ ಅಷ್ಟು ಮಾತಾಡುತ್ತೇನೆ?

ಕೊಚ್ಚಪ್ಪನ್ ಹೊಗೆಮನೆಗೆ ಹೋಗಿ ಹೊಸ ಶೀಟುಗಳನ್ನು ತಂದರು. ಆಮೇಲೆ ಮೂಲೆಯಲ್ಲಿ ಬಿದ್ದಿದ್ದ ಮರಳಿನ ತಲೆಯನ್ನು ಎತ್ತಿ, ಅಂಗಿಯ ತೋಳಿನಿಂದ ಮಣ್ಣು ಒರೆಸಿ, ಮಿಷನ್ನಿನ ಮೇಲೆ ಇಟ್ಟರು. ಜೀಪಿನ ಚಕ್ರ ಒತ್ತಿದ ಕಡೆ ಹೊಲಿಗೆ ಬಿಚ್ಚಿತ್ತು. ಮೊದಲು ಅದನ್ನು ಹೊಲಿದೆ.